ಅಪ್ಪನ ತಾಮ್ರದ ಪೆನ್ನಿ

ಮಾರ್ಲೋ ಫಾಲ್ಸ್, ಒಹಾಯೋ
೯ ನವೆಂಬರ್ ೧೯೬೨

ಪ್ರೀತಿಯ ವೆಂಡೆಲ್,

ಹೇಗಿದ್ದೀಯೋ? ಅಲಾಸ್ಕಾದ ಚಳಿಗೆ ನಿನ್ನ ಕೆಮ್ಮು ಮತ್ತೆ ಶುರುವಾಗಿಲ್ಲ ತಾನೆ? ನಾನು ಹೆಣೆದು ಕಳಿಸಿದ ಕಾಲುಚೀಲವನ್ನು ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಬೇಡ, ಹಾಕಿಕೋ. ಅಪ್ಪನ ಮಂಡಿನೋವು ಇದ್ದ ಹಾಗೇ ಇದೆ. ಬಸ್ಸು ಓಡಿಸುವುದನ್ನು ಬಿಟ್ಟ ಮೇಲೆ ಬಾಯಿ ಮಾತ್ರ ಜೋರಾಗಿದೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟಕ್ಕೆ ಬರಲು ಆರು ವರ್ಷದಿಂದ ನಿನಗೆ ಒಂದಲ್ಲ ಒಂದು ಅಡ್ಡಿ. ಅಪ್ಪ ಪ್ರತಿ ಸಲವೂ ಬಾಗಿಲು ನೋಡಿಕೊಂಡೇ ಊಟ ಮುಗಿಸುತ್ತಾರೆ. ಈ ಸಲವೂ ಏನಾದರೂ ನೆಪ ಬರೆಯುವ ಮೊದಲು ಈ ಕಾಗದ ಪೂರ್ತಿ ಓದು.

ಕಳೆದ ಶನಿವಾರ ಮಧ್ಯಾಹ್ನ ಚರ್ಚಿನ ನೆಲಮಾಳಿಗೆಯಲ್ಲಿ ಅಪ್ಪನ ನಾಣ್ಯ ಸಂಗ್ರಾಹಕರ ಸಂಘ ಸೇರಿತ್ತು, ನಾನೂ ಹೋಗಿದ್ದೆ. ೧೯೪೩ರಲ್ಲಿ ತಾಮ್ರವೆಲ್ಲ ಯುದ್ಧಕ್ಕೆ ಹೋಗಿ ಒಂದು ಸೆಂಟಿನ ಪೆನ್ನಿಗಳನ್ನು ಉಕ್ಕಿನಲ್ಲಿ ಒತ್ತಿದ್ದು, ಎಲ್ಲೋ ಉಳಿದಿದ್ದ ನಾಲ್ಕಾರು ತಾಮ್ರದ ಬಿಲ್ಲೆಗಳ ಮೇಲೂ ತಪ್ಪಿ ಆ ವರ್ಷದ ಅಚ್ಚು ಬಿದ್ದು ಅವಕ್ಕೆ ಭಾರಿ ಬೆಲೆ ಬಂದದ್ದು, ಈ ಕಥೆಯನ್ನು ನಾವಿಬ್ಬರೂ ಪ್ರಾರ್ಥನೆಗಿಂತ ಹೆಚ್ಚು ಸಲ ಕೇಳಿದ್ದೇವೆ. ಅಪ್ಪ ಬ್ಯಾಂಕಿನಿಂದ ಕಾಗದದಲ್ಲಿ ಸುತ್ತಿದ ಪೆನ್ನಿಯ ಕಟ್ಟುಗಳನ್ನು ತಂದು ಊಟದ ಮೇಜಿನ ಮೇಲೆ ಸುರಿಯುತ್ತಿದ್ದರು, ನಾವು ಬೆರಳು ಕಪ್ಪಾಗುವವರೆಗೆ ಹುಡುಕುತ್ತಿದ್ದೆವು. ಆ ತಾಮ್ರದ ಪೆನ್ನಿ ಸಿಕ್ಕ ದಿನ ನಿನಗೆ ಹತ್ತು ವರ್ಷ. ಅಪ್ಪ ಕುಣಿದ ಕುಣಿತಕ್ಕೆ ಅಮ್ಮ ಒಲೆಯ ಮೇಲೆ ಮಾಂಸ ಸೀದುಹೋದದ್ದನ್ನೂ ನೋಡಲಿಲ್ಲ.

ಆಮೇಲೆ ಸುತ್ತಮುತ್ತಲ ಊರಿನವರಿಗೆಲ್ಲ ನಾಣ್ಯ ಅಸಲಿಯೋ ನಕಲಿಯೋ ಅನ್ನುವುದಕ್ಕೆ ಅಪ್ಪನ ಮಾತೇ ಕೊನೆಯ ಮಾತಾಯಿತಲ್ಲ. ಉಕ್ಕಿನ ಪೆನ್ನಿಗೆ ತಾಮ್ರದ ಲೇಪ ಕೊಟ್ಟು ಮೋಸ ಮಾಡುವವರು ಎಲ್ಲ ಕಡೆ ಇದ್ದಾರೆ. ನಾಣ್ಯ ಅಯಸ್ಕಾಂತಕ್ಕೆ ಅಂಟಿದರೆ ಕಥೆ ಮುಗಿಯಿತು. ಅಪ್ಪ ಎಷ್ಟು ಜನರ ಆಸೆಗೆ ತಣ್ಣೀರೆರಚಿದ್ದಾರೋ! ಆದರೂ ಒಬ್ಬರೂ ಮುನಿಸಿಕೊಂಡು ಹೋಗಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಕಾಫಿ ಕುಡಿಸಿ ಕಳಿಸುವ ಕಲೆ ಅವರಿಗೊಬ್ಬರಿಗೇ ಗೊತ್ತು.

ಶನಿವಾರ ಅಪ್ಪನ ಪೆನ್ನಿ ಕೈಯಿಂದ ಕೈಗೆ ಹೋಗುತ್ತಿತ್ತು. ಸಂಘಕ್ಕೆ ಹೊಸದಾಗಿ ಸೇರಿದ ಶಾಲೆಯ ಮೇಡಂ ಥೆಲ್ಮಾ ಆಸ್ಟ್ರಾಂಡರ್ ಮೆಲ್ಲಗೆ, "ಇದನ್ನೂ ಮ್ಯಾಗ್ನೆಟ್ಟಿಗೆ ಹಿಡಿದು ನೋಡಿದೀರಾ, ಮಿಸ್ಟರ್ ಹ್ಯಾಸ್ಕೆಟ್?" ಅಂದುಬಿಟ್ಟರು. ಮಾಂಸದಂಗಡಿಯ ಎಲ್ಮೋ ಕೆಂಡಾಮಂಡಲವಾದ. "ಏನ್ರೀ ಮೇಡಂ, ನಾಳೆ ಪಾದ್ರಿಗಳನ್ನ ಹಿಡ್ಕೊಂಡು ನಿಮಗೆ ದೀಕ್ಷಾಸ್ನಾನ ಆಗಿದ್ಯಾ ಅಂತ ಕೇಳ್ತೀರೇನು?" ಎಲ್ಲರೂ ಗೊಳ್ಳೆಂದರು. ಅಪ್ಪ ನಗಲಿಲ್ಲ. "ಅವರು ಕೇಳಿದ್ರಲ್ಲಿ ತಪ್ಪೇನಿದೆ?" ಎಂದು ಜೇಬಿನಿಂದ ಅಯಸ್ಕಾಂತ ತೆಗೆದರು. ಪೆನ್ನಿ ಟಕ್ಕೆಂದು ಹಾರಿ ಅಂಟಿಕೊಂಡಿತು.

ಅಪ್ಪ ಎದ್ದು ನಿಂತರು. "ಹದಿನೈದು ವರ್ಷ ನಿಮ್ಮೆಲ್ಲರದ್ದೂ ನೋಡ್ದೆ, ನನ್ನದು ನೋಡ್ಕೊಳ್ಲಿಲ್ಲ. ಮೊದಲ ದಿನದಿಂದ್ಲೂ ನಕಲೀನೇ ಇದು. ಮೋಸ ಹೋದೆ ಕಣ್ರಪ್ಪಾ," ಎಂದು, ಇನ್ನು ಪರೀಕ್ಷೆ ಮಾಡುವ ಕೆಲಸ ನಿನ್ನದು ಎಂಬಂತೆ ಅಯಸ್ಕಾಂತವನ್ನು ಎಲ್ಮೋನ ಮುಂದಿಟ್ಟರು. ಅವನು ಅದನ್ನು ಹಿಂದಕ್ಕೆ ತಳ್ಳಿದ. "ಸುಮ್ನೆ ಇಟ್ಕೊಳೋ ಆರ್ವಿಲ್. ತನ್ನದೇ ನಕಲಿ ಅಂತ ಹತ್ತು ಜನರ ಮುಂದೆ ಒಪ್ಕೊಳೋನು ನಮಗೆ ಇನ್ನೆಲ್ಲಿ ಸಿಗ್ತಾನೆ?" ಆದರೆ ಮೆಟ್ಟಿಲ ಹತ್ತಿರ ಇಬ್ಬರು, "ಮುದುಕನಿಗೆ ಕಣ್ಣು ಕಾಣ್ಸಲ್ಲ, ಇಷ್ಟು ದಿನ ಏನು ನೋಡಿದ್ನೋ," ಎಂದು ನಕ್ಕಿದ್ದು ನನಗೂ ಕೇಳಿಸಿತು, ಅಪ್ಪನಿಗೂ ಕೇಳಿಸಿತು. ನನಗೆ ಅಳು ಬಂತು. ಅಪ್ಪ ಮನೆಯವರೆಗೂ ಸಿಳ್ಳೆ ಹಾಕಿಕೊಂಡು ನಡೆದರು. ಇಂಥವರ ಮಗಳಾದೆನಲ್ಲ ಎಂದು ಹೆಮ್ಮೆಯಾಯಿತು ಕಣೋ.

ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ.

ನಿನ್ನ ಅಕ್ಕ,
ಲೊರೀನಾ

ತಾ.ಕ.: ಅಂಚೆಗೆ ಹಾಕಲು ಹೊರಟವಳು ಅರ್ಧ ದಾರಿಯಿಂದ ವಾಪಸ್ ಬಂದು ಇದನ್ನು ಬರೆಯುತ್ತಿದ್ದೇನೆ. ಥೆಲ್ಮಾ ಮೇಡಂ ಎದುರಾದರು. ನಾನು ಮುಖ ತಿರುಗಿಸಿದೆ. ಅವರು ಕೈಹಿಡಿದು ನಿಲ್ಲಿಸಿ ಹೇಳಿದರು: ಆ ಪ್ರಶ್ನೆ ಕೇಳಿ ಎಂದು ಬೇಡಿಕೊಂಡವರು ಅಪ್ಪನೇ ಅಂತೆ. ಮನೆಗೆ ಬಂದು ಅಪ್ಪನನ್ನೇ ಕೇಳಿದೆ. ಪೆನ್ನಿ ಸಿಕ್ಕ ದಿನವೇ ಅವರು ಪರೀಕ್ಷೆ ಮಾಡಿದ್ದರಂತೆ, ಆಗ ಅಂಟಿರಲಿಲ್ಲ. ನೀನು ಮನೆ ಬಿಟ್ಟ ವಾರ ಮತ್ತೆ ಹಿಡಿದು ನೋಡಿದಾಗ ಅಂಟಿತಂತೆ. ಆರು ವರ್ಷ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. "ಮೊದಲಿಂದ್ಲೂ ನಕಲಿ ಅಂತ ಊರಿಗೇ ಗೊತ್ತಾಯ್ತಲ್ಲ, ಇನ್ನು ಅಸಲಿ ಎಲ್ಲಿ ಹೋಯ್ತು ಅಂತ ಅವನನ್ನ ಯಾರೂ ಕೇಳಲ್ಲ. ಇಪ್ಪತ್ತೆರಡನೇ ತಾರೀಕು ಹಬ್ಬದೂಟಕ್ಕೆ ಬರ್ತಾನಾ ಅಂತ ಬರ್ದು ಕೇಳು," ಅಂದರು. ಬರ್ತೀಯೇನೋ?