ಖಾಸಿಂಸಾಬನ ಕಟ್ ಬಾಲು

ಫೆ. 6, ಮಂಗಳವಾರ, ಬೆಳಿಗ್ಗೆ

ಇವತ್ತೂ ನಾನು ಹೊಡೆದ ಬಾಲೆಲ್ಲ ನೆಟ್ಟಿಗೇ. ಇಳಕಲ್ಲಿನ ಈ ಹಾಲ್‌ನಲ್ಲಿರುವುದು ಒಂದೇ ಟೇಬಲ್ ಟೆನಿಸ್ ಟೇಬಲ್. ಎದುರಿಗೆ ದಿನಾ ಅದೇ ಖಾಸಿಂಸಾಬ — ಪವರ್‌ಲೂಮ್ ರಿಪೇರಿ ಮಾಡುವ ದೋಸ್ತ. ಬಾಲಿನ ತಳ ಸವರಿ, ಹಿಂದಕ್ಕೆ ತಿರುಗುವಂತೆ ಕಟ್ ಮಾಡಿ ಕಳಿಸುತ್ತಾನೆ; ಮುಟ್ಟಿದರೆ ಕೆಳಕ್ಕೇ ಇಳಿಯುತ್ತದೆ. ಗಿರ್ಮಿಟ್ಟಿನ ಚುರುಮುರಿಗೆ ನಾನು ಉಳ್ಳಾಗಡ್ಡಿಯನ್ನೂ ಅಷ್ಟು ಸಣ್ಣಗೆ ಕಟ್ ಮಾಡುವುದಿಲ್ಲ.

"ದುರ್ಗ್ಯಾ, ಮುಂದಕ್ಕ ದಬ್ಬಬ್ಯಾಡಲೇ. ಮೊಣಕಾಲು ಬಗ್ಗಿಸು. ಬಾಲ್ ಇಳಿಯೂತನಾ ತಡಿ, ಕೆಳಗಿಂದ ಮ್ಯಾಲಕ್ಕ ಸವರು. ಕೈ ಹಣಿತನಾ ಬರಬೇಕು."

"ಸಲಾಂ ಹೊಡದಂಗ?"

"ಹೂಂ. ಗುರುವಿಗೆ ಹೊಡಿ."

ಫೆ. 20, ಮಂಗಳವಾರ

ಕಾದೆ... ಸವರಿದೆ. ನೆಟ್ ದಾಟಿತು, ಬಾಗಿ ಟೇಬಲ್ ಮೇಲೇ ಬಿತ್ತು. ಖಾಸಿಂ ನೋಡುತ್ತ ನಿಂತ. ಮನೆಗೆ ಓಡಿ ಮುತ್ತವ್ವನಿಗೆ ಹೇಳಿದೆ.

"ನಿನ್ನಿ ಗಿರ್ಮಿಟ್ಟಿಗೆ ಉಪ್ಪು ಮರತಿದ್ರಿ. ಅದನ್ನೂ ಅವರ ಹತ್ರನ ಕಲೀರಿ" ಎಂದಳು. ಹೆಂಡತಿ ಎಂದರೆ ಹೀಗಿರಬೇಕು.

ಮಾ. 5, ಮಧ್ಯಾಹ್ನ. ಬಾಗಲಕೋಟೆ, ದವಾಖಾನೆ ಬೆಂಚು

ಬೆಳಿಗ್ಗೆ ಹೊಡೆದದ್ದೆಲ್ಲ ಟೇಬಲ್ ದಾಟಿ ಗೋಡೆಗೆ. ಮೊದಲು ಉಬ್ಬಿದೆ. "ಗುರುನ್ನ ಮೀರಿದ್ನಿ" ಎಂದೆ. ಖಾಸಿಂ ನಗಲಿಲ್ಲ. ಆಮೇಲೆ ಹೊಳೆಯಿತು — ನನ್ನ ಹೊಡೆತ ಅದೇ. ಅವನ ಬಾಲಿನಲ್ಲೇ ಕಟ್ ಇಲ್ಲ. ತಿರುಗದ ಬಾಲನ್ನು ಹಾಗೆ ಎತ್ತಿದರೆ ಹಾರಿಯೇ ಹೋಗುತ್ತದೆ.

"ಕೈ ತೋರ್ಸು" ಎಂದೆ.

"ಏನಿಲ್ಲಲೇ. ಈಗ ಸ್ವಲ್ಪ ಜೋಮು ಹಿಡದೈತಿ."

ಮಾತೂ ತೊದಲು. ಅವನನ್ನು ಪಕ್ಕದ ಮನೆ ದುಂಡೇಶನ ಕಾರಿಗೆ ಹಾಕಿದೆವು. ಹುನಗುಂದ ದಾಟುವಾಗಲೂ ಬ್ಯಾಟ್ ಹಿಡಿದೇ ಇದ್ದ. ಆಮೇಲೆ ಅದು ಜಾರಿ ಕೆಳಗೆ ಬಿತ್ತು. ದಾರಿಯುದ್ದಕ್ಕೂ ನನಗೆ ಜೋಕ್ ಒಂದೂ ಬರಲಿಲ್ಲ.

ಮಾ. 6

ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ. ಜೀವಕ್ಕೆ ಭಯವಿಲ್ಲ. ಕೈ ಮಾತ್ರ ನೋಡಬೇಕು...

"ಟೈಮಿಗೆ ಕರಕೊಂಡು ಬಂದ್ರಿ. ಹೆಂಗ ಗೊತ್ತಾತು?" ಡಾಕ್ಟರು ಕೇಳಿದರು.

"ಬಾಲ್ ಹೇಳಿತ್ರಿ."

ನನ್ನನ್ನೂ ಅಡ್ಮಿಟ್ ಮಾಡುವವರಂತೆ ನೋಡಿದರು.

ಖಾಸಿಂನ ಹೆಂಡತಿ ಅಮೀನಬಿ ನನಗೆ ಕೈಮುಗಿದಳು. ನನಗೇಕೆ? ಇಷ್ಟು ದಿನ ಅವನು ಪಾಪ ಎಂದು ಸುಲಭದ ಬಾಲು ಕೊಟ್ಟಿದ್ದರೆ ನನಗೇನು ತಿಳಿಯುತ್ತಿತ್ತು? ಅವನ ಹಟವೇ ಅವನನ್ನು ಉಳಿಸಿತು. ದೇವರು ದೊಡ್ಡವನು. ಖಾಸಿಂನ ಕಟ್ಟೂ ದೊಡ್ಡದು.

ಮೇ 19, ರವಿವಾರ

ಖಾಸಿಂ ಹಾಲ್‌ಗೆ ಬಂದ. ಬಲಗೈ ಇನ್ನೂ ಎದೆಯಿಂದ ಮೇಲಕ್ಕೆ ಏಳುವುದಿಲ್ಲ. ಅಮೀನಬಿಯೇ ಬೆರಳು ಮಡಚಿ ಬ್ಯಾಟ್ ಹಿಡಿಸಿದಳು. ಮೆತ್ತಗೆ ಒಂದು ಬಾಲು ಕೊಟ್ಟೆ.

"ಕೂಸಿಗೆ ಗಂಜಿ ಕುಡಸಾಕತ್ತೀಯೇನ್ಲೇ? ಕಟ್ ಹಾಕು."

ಹಾಕಿದೆ. ಅವನು ಹೊಡೆದದ್ದು ನೆಟ್ಟಿಗೆ. ಮತ್ತೆ ನೆಟ್ಟಿಗೆ.

"ಕೈ ಹಣಿತನಾ ಬರಬೇಕು" ಎಂದೆ. "ಗುರುವಿಗೆ ಸಲಾಂ."

ಬೈದ. ಉದ್ದನೆಯ ಬೈಗುಳ, ಒಂದಕ್ಷರವೂ ತೊದಲಲಿಲ್ಲ. ಕೇಳಲು ಭಾಳ ಚೆಂದ.

ಇನ್ನೊಂದು ಹಾಕಿದೆ. ಅವನ ಮೊಣಕಾಲು ಬಗ್ಗಿತು. ಕೈ ನಿಧಾನಕ್ಕೆ ಎದ್ದಿತು... ಎದೆ, ಗದ್ದ, ಹಣೆ — ಬಾಲು ಎಲ್ಲಿ ಬಿತ್ತೋ, ಯಾರು ನೋಡಿದರು. ನಾನು ಆ ಕೈಯನ್ನೇ ನೋಡುತ್ತ ನಿಂತೆ.