ಮಾರ್ಕ್ಸಿಗೆ ಇಟ್ಟ ಸೈಕಲ್ ಸ್ಟ್ಯಾಂಡ್

ಅಕ್ಕಾ, ನೀವು ಪರೀಕ್ಷೆ ಮಾಡುವುದು ಕಟ್ಟಡವನ್ನೋ ಕಾಗದವನ್ನೋ ಎಂದು ನೀನು ಕೇಳಿದ್ದೆಯಲ್ಲ, ಉತ್ತರ ದೊಡ್ಡನೆಕ್ಕುಂದಿಯಲ್ಲಿ ಸಿಕ್ಕಿತು. ನಾವು ಹಸಿರು ಕಟ್ಟಡದ ಪ್ರಮಾಣಪತ್ರ ಕೊಡಲು ಬಂದಿರುವ ಆಫೀಸಿನಲ್ಲಿ ನಲವತ್ತು ಸೈಕಲ್ ನಿಲ್ಲುವ ಸ್ಟ್ಯಾಂಡ್ ಇದೆ, ಅದಕ್ಕೆ ನಮ್ಮ ಪಟ್ಟಿಯಲ್ಲಿ ಅಂಕವೂ ಉಂಟು, ಆದರೆ ಒಂದು ಸೈಕಲ್ಲೂ ಇಲ್ಲ. ಇಲ್ಲಿ ಗಿಡಗಳಿಗೆ ನೀರು ಹಾಕುವ ದತ್ತು ತನ್ನ ಸೈಕಲ್ಲನ್ನು ಬೀದಿಯ ಕಂಬಕ್ಕೆ ಕಟ್ಟಿ, ಹೋದ ವಾರ ಕಳೆದುಕೊಂಡ. ಈಗ ಕೆ.ಆರ್. ಪುರದಿಂದ ನಡೆದು ಬರುತ್ತಾನೆ. ಅವನ ಸೈಕಲ್ಲನ್ನು ಒಳಗೆ ಯಾಕೆ ಬಿಡಲಿಲ್ಲ ಎಂದು ಕಾವಲುಗಾರನನ್ನು ಕೇಳಿದರೆ, “ಅದು ಮಾರ್ಕ್ಸಿಗೆ ಇಟ್ಟಿರೋದು ಸಾರ್, ಸೈಕಲ್ಲಿಗಲ್ಲ” ಎಂದ.

‘ಕೆಲಸದವರಿಗೂ’ ಎಂಬ ಒಂದು ಪದವನ್ನು ಸೈಕಲ್ ಸ್ಟ್ಯಾಂಡಿನ ನಿಯಮಕ್ಕೆ ಸೇರಿಸಿ ಎಂದೆ. “ಮುಂದಿನ ವರ್ಷ ನೋಡೋಣ ಬಿಡಿ ಸಾರ್” ಎಂದು ನಮ್ಮ ಪ್ರಮಾಣಪತ್ರ ಸಮಿತಿಯವರು ನಕ್ಕರು. ನಾನು ಪ್ರಮಾಣಪತ್ರಕ್ಕೆ ಇನ್ನೂ ಸಹಿ ಹಾಕಿಲ್ಲ. ನನ್ನ ಬಿ.ಪಿ. ಮಾತ್ರೆ ಗುರುವಾರದವರೆಗೆ ಸಾಕು, ಅಲ್ಲಿಯವರೆಗೆ ಇಲ್ಲೇ ಇರುತ್ತೇನೆ.

ಈ ನಿಯಮ ಬರೆದ ಮಹಾನುಭಾವರೇ, ಬರೆಯುವಾಗ ನಿಮ್ಮ ಕಣ್ಣ ಮುಂದಿದ್ದ ಸೈಕಲ್ ಮೇಲೆ ಯಾರು ಕೂತಿದ್ದರು?