ನೌರೀನ್ ಓದಿದ ಹೆಸರುಗಳು

ಸಮರ್‌ಸೆಟ್, ನ್ಯೂಜೆರ್ಸಿ
ಅಕ್ಟೋಬರ್ 16, 2025

ಪ್ರೀತಿಯ ತಾಹಿರಾ ಆಪಾ,

ಅಸ್ಸಲಾಮು ಅಲೈಕುಮ್. ಆಪರೇಷನ್ ಆದ ಮೇಲೆ ಕಣ್ಣು ಹೇಗಿದೆ? ಮೈಸೂರಿನ ಡಾಕ್ಟರು ಓದಬಹುದು ಎಂದಿದ್ದರೆ ಮಾತ್ರ ಇದನ್ನು ಓದಿ, ಆದರೆ ನೀವೇ ಓದಿ. ಬೇರೆಯವರಿಂದ ಓದಿಸುವಂಥ ಕಾಗದವಲ್ಲ. ನೀವು ಊರಿಗೆ ಹೋಗುವಾಗ ಬೀಗ ಹಾಕಿದ ಇಲ್ಲಿನ ಫೋರ್ಟ್ ಲೀಯ ಫ್ಲ್ಯಾಟ್‌ಗೆ ಭಾನುವಾರ ಹೋಗಿಬಂದೆ, ಎಲ್ಲ ಸರಿಯಾಗಿದೆ.

ನಮ್ಮ ಬೀದಿಯ ಹಿಂದಿನ ಖಾಲಿ ಜಾಗದಲ್ಲಿ ವೇರ್‌ಹೌಸ್ ಕಟ್ಟಲು ಕೌನ್ಸಿಲ್ ಒಪ್ಪಿಗೆ ಕೊಡುವುದರಲ್ಲಿತ್ತು. ಅದು ಬಂದರೆ ಸ್ಕೂಲ್ ಬಸ್ ನಿಲ್ಲುವ ರಸ್ತೆಯಲ್ಲೇ ಟ್ರಕ್ಕುಗಳು ಓಡಾಡುತ್ತವೆ. ನಮ್ಮ ವಾರ್ಡಿನ ಸದಸ್ಯರು ಅದರ ಪರ. ಅವರ ಚುನಾವಣೆಗೆ ಹಣ ಕೊಟ್ಟವರ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ನೌರೀನ್ ಅದನ್ನು ನನ್ನದೇ ಪ್ರಿಂಟಿಂಗ್ ಅಂಗಡಿಯಲ್ಲಿ ಪ್ರಿಂಟ್ ಮಾಡಿಕೊಂಡು ಮಂಗಳವಾರದ ಸಭೆಗೆ ಹೋದಳು. ನಾನೂ ಹೋದೆ, ಅವಳ ಜೊತೆಗಲ್ಲ. ಸದಸ್ಯರ ಕಡೆಯವರ ಪಕ್ಕ ಕೂತೆ.

ಮಾತಾಡಲು ಸಾರ್ವಜನಿಕರಿಗೆ ತಲಾ ಮೂರು ನಿಮಿಷ. ವೇರ್‌ಹೌಸ್ ಕಂಪನಿಯ ವಕೀಲರು, ಅವರ ಹೆಂಡತಿಯರು, ಕಾಂಟ್ರ್ಯಾಕ್ಟರ್‌ಗಳು, ನೌರೀನ್ ಒಂದೊಂದೇ ಹೆಸರು ಓದಿದಳು. ಆಮೇಲೆ ದನಿ ಬದಲಿಸದೆ, "ಇಸಾಕ್, ನನ್ನ ಗಂಡ" ಎಂದಳು. ಯಾರೋ ನಕ್ಕರು. ಹೆಸರು ಸಾಕು, ವಿಷಯಕ್ಕೆ ಬನ್ನಿ ಎಂದರು ಸದಸ್ಯರು. "ಇದೇ ವಿಷಯ ಸರ್. ಹಣ ಕೊಟ್ಟವರ ಮಾತು ನಿಮಗೆ ಊಟದ ಟೇಬಲ್‌ನಲ್ಲೇ ಕೇಳಿಸುತ್ತೆ. ನನಗಿರೋದು ಈ ಮೂರು ನಿಮಿಷ" ಎಂದಳು. ಅವಳ ಹಿಂದೆ ಇನ್ನೂ ಒಂಬತ್ತು ಜನ ಮೈಕಿನ ಮುಂದೆ ನಿಂತರು. ಕೊನೆಗೆ ತೀರ್ಮಾನವನ್ನು ಮುಂದಿನ ತಿಂಗಳಿಗೆ ಹಾಕಿದರು.

ಮನೆಗೆ ಬಂದು ಕೂಗಾಡಿದೆ. ಅಂಗಡಿ ದೊಡ್ಡದು ಮಾಡುವ ಪರ್ಮಿಟ್ ಎರಡು ವರ್ಷದಿಂದ ನಿಂತಿದೆ, ನಾನು ಕೊಟ್ಟಿದ್ದು ಅದಕ್ಕಾಗಿ, ನೀನು ಊರೆದುರು ಮಾನ ತೆಗೆದೆ ಎಂದೆ. ಅವಳು ಕೋಟನ್ನೂ ಬಿಚ್ಚದೆ ಕೂತಿದ್ದಳು. "ಅದ್ರಲ್ಲಿ ಸುಳ್ಳು ಯಾವ್ದು, ಹೇಳಿ" ಎಂದಷ್ಟೇ ಕೇಳಿದಳು. ಅವಳ ಮುಂದಿದ್ದ ಆ ಪಟ್ಟಿ ಎತ್ತಿಕೊಂಡು ಕೊನೆಯವರೆಗೂ ಓದಿದೆ ಆಪಾ.

ಮನೆಯವರಿಗೆಲ್ಲ ನನ್ನ ಸಲಾಂ ಹೇಳಿ. ಅಲ್ಲಾಹ್ ನಿಮ್ಮ ಕಣ್ಣಿನ ಬೆಳಕು ಕಾಪಾಡಲಿ.

ನಿಮ್ಮ ತಮ್ಮ,
ಇಸಾಕ್

ಇನ್ನೊಂದು ಮಾತು. ಪಟ್ಟಿಯಲ್ಲಿ ಒಂದು ಹೆಸರನ್ನು ನೌರೀನ್ ಓದದೆ ಬಿಟ್ಟಿದ್ದಳು. ಅದು ನಿಮ್ಮದು. ಒಬ್ಬರು ಇಷ್ಟೇ ಕೊಡಬಹುದೆಂಬ ಮಿತಿ ಇದೆ. ಅದನ್ನು ದಾಟಲು ನನ್ನ ಹಣವನ್ನು ನಿಮ್ಮ ಖಾತೆಗೆ ಹಾಕಿ, ಫ್ಲ್ಯಾಟಿನ ಖರ್ಚಿಗೆಂದು ನೀವು ಸಹಿ ಮಾಡಿಟ್ಟ ಖಾಲಿ ಚೆಕ್ಕೊಂದನ್ನು ಆ ಸದಸ್ಯರಿಗೆ ಬರೆದು ಕೊಟ್ಟೆ. ಅದು ಅಪರಾಧ. ಇಂದು ಬೆಳಿಗ್ಗೆ ಎಲ್ಲವನ್ನೂ ಚುನಾವಣಾ ಕಚೇರಿಗೆ ಬರೆದು ಕಳಿಸಿದ್ದೇನೆ. ಅಲ್ಲಿಂದ ಫೋನ್ ಬಂದರೆ ಹೆದರಬೇಡಿ, ನನ್ನನ್ನು ಉಳಿಸಲೂ ನೋಡಬೇಡಿ. ನನಗೇನೂ ಗೊತ್ತಿರಲಿಲ್ಲ ಎನ್ನಿ. ನಿಜವೂ ಅದೇ.